ಒಂಬತ್ತು ಗ್ರಾಂ

ಸೊಲಾಂಜ್ ಕೂರಿಸಿದ ತಂತಿಗಳನ್ನು ಎಳೆದು ತುಂಡರಿಸುವುದೇ ಯಾನಿಕ್‌ನ ಕೆಲಸ. ಹಾಗಾಗಿ ಅವನು ಮೊದಲ ಸಲ ತನ್ನ ಮೇಜಿನ ಬಳಿ ಬಂದು ನಿಂತಾಗ, ಜಗಳಕ್ಕೇ ಬಂದಿದ್ದಾನೆ ಎಂದುಕೊಂಡಳು ಅವಳು.

“ಮೇಡಂ, ನಿಮ್ಮ ಮೇಲೊಂದು ದೂರು.”

“ಹೇಳಿ,” ಎಂದಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

“ನನ್ನ ಕೊಕ್ಕೆ ಬಗ್ಗಿಹೋಗಿದೆ. ನಿಮ್ಮ ತಂತಿ ಮಾತ್ರ ಕಡಿಯೋದೇ ಇಲ್ಲ ಅಂತ ಹಟ ಹಿಡಿದಿದೆ. ನಾನು ಯಾರ ಹತ್ರ ಹೋಗಿ ಅಳಲಿ?”

ಅವಳು ತಲೆಯೆತ್ತಿದಳು. ಧೂಳು ಸುಳಿಯದ ಆ ಕೋಣೆಯಲ್ಲಿ ಎಲ್ಲರಿಗೂ ಬಿಳಿ ಟೊಪ್ಪಿ, ಬಿಳಿ ಮಾಸ್ಕ್. ಮನುಷ್ಯರೆಂದರೆ ಬರೀ ಕಣ್ಣು. ಎದುರಿಗಿದ್ದ ಕಣ್ಣುಗಳು ಕಂದು ಬಣ್ಣದವು, ಅಂಚಿನಲ್ಲಿ ಸಣ್ಣ ನೆರಿಗೆ. ನಗುತ್ತಿದ್ದವು.

ಮೂರು ವಾರದ ನಂತರ ಕ್ಯಾಂಟೀನಿನಲ್ಲಿ ಅವನ ಪೂರ್ತಿ ಮುಖ ಕಂಡಿತು.

“ಅಯ್ಯೋ, ಗಡ್ಡ ಇದೆಯಾ ನಿಮಗೆ!”

“ಯಾಕೆ, ಇರಬಾರದಿತ್ತಾ?”

“ಗಡ್ಡ ಇಲ್ಲದ ಮುಖ ಊಹಿಸಿಕೊಂಡಿದ್ದೆ. ಮೂರು ವಾರದ ಶ್ರಮ ಹಾಳಾಯ್ತು.”

“ಅಂದ್ರೆ ಮೂರು ವಾರದಿಂದ ನನ್ನ ಮುಖ ಊಹಿಸಿಕೊಳ್ತಿದ್ದೀರಾ?”

ಸೊಲಾಂಜ್ ಸೂಪಿನ ಬಟ್ಟಲಿಗೆ ಮುಖ ಬಗ್ಗಿಸಿದಳು. ನಲವತ್ತೊಂದನೇ ವಯಸ್ಸಿನಲ್ಲಿ ಕಿವಿ ಕೆಂಪಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆ ವಾರದ ಕೊನೆಗೆ ‘ನೀವು’ ಹೋಗಿ ‘ನೀನು’ ಬಂತು.

ಅವರಿದ್ದ ಕಾರ್ಯಾಗಾರ ಜಿನೀವಾದ ಹೊರಗೆ, ಜೂರಾ ಬೆಟ್ಟದ ಬುಡದಲ್ಲಿತ್ತು. ನೆಲದಡಿ ನೂರು ಮೀಟರ್ ಆಳದ ಸುರಂಗದಲ್ಲಿ ಪ್ರೋಟಾನುಗಳು ಸುತ್ತು ಹೊಡೆದು ಒಂದಕ್ಕೊಂದು ಡಿಕ್ಕಿಯಾಗುತ್ತವಲ್ಲ, ಆ ಕೊಲೈಡರನ್ನು ಇನ್ನಷ್ಟು ಬಲಪಡಿಸುತ್ತಿದ್ದರು. ಡಿಕ್ಕಿಯಿಂದ ಚಿಮ್ಮುವ ಕಣಗಳ ಜಾಡು ಹಿಡಿಯಲು ಹೊಸ ಸಿಲಿಕಾನ್ ಮಾಡ್ಯೂಲುಗಳು ಸಾವಿರಗಟ್ಟಲೆ ಬೇಕಿದ್ದವು. ಪ್ರತಿ ಮಾಡ್ಯೂಲಿನಲ್ಲೂ ಸಿಲಿಕಾನ್ ಹಾಳೆಯಿಂದ ಚಿಪ್‌ಗೆ ಕೂದಲಿಗಿಂತ ತೆಳುವಾದ ಅಲ್ಯೂಮಿನಿಯಂ ತಂತಿಗಳು. ಅವನ್ನು ಯಂತ್ರ ಕೂರಿಸುತ್ತದೆ. ಯಂತ್ರ ಕೆಡಿಸಿದ್ದನ್ನು ಕೈಯಿಂದ ಸರಿಮಾಡುವವಳು ಸೊಲಾಂಜ್. ಅವಳ ತಾಯಿ ಬೆಟ್ಟದ ಆಚೆಯ ಊರಿನಲ್ಲಿ ಕೈಗಡಿಯಾರಗಳಿಗೆ ಸ್ಪ್ರಿಂಗ್ ಕೂರಿಸುತ್ತಿದ್ದವಳು. ಸೊಲಾಂಜ್ ಕೂಡ ಹನ್ನೆರಡು ವರ್ಷ ಅದನ್ನೇ ಮಾಡಿ ಇಲ್ಲಿಗೆ ಬಂದಿದ್ದಳು.

ಅವಳು ಸರಿಮಾಡಿದ ಪ್ರತಿ ಮಾಡ್ಯೂಲಿನ ಜೊತೆಗೆ, ಪರೀಕ್ಷೆಗೆಂದೇ ಇಟ್ಟ ಒಂದು ಸಣ್ಣ ಸಿಲಿಕಾನ್ ಪಟ್ಟಿಯ ಮೇಲೂ ಅದೇ ಕೈಯಿಂದ ಅದೇ ತಂತಿ. ಯಾನಿಕ್ ಅದರಲ್ಲಿ ಕೆಲವನ್ನು ಕೊಕ್ಕೆ ಹಾಕಿ ಎಳೆಯುತ್ತಾನೆ, ಎಷ್ಟು ಗ್ರಾಂ ಬಲಕ್ಕೆ ಕಡಿಯಿತೆಂದು ಬರೆದಿಟ್ಟು ಪಟ್ಟಿಯನ್ನು ಡ್ರಾಯರಿಗೆ ಸೇರಿಸುತ್ತಾನೆ. ಎಂಟು ಗ್ರಾಂ ದಾಟಿದರೆ ಪಾಸು. ಸೊಲಾಂಜಳದು ಒಂಬತ್ತಕ್ಕಿಂತ ಕೆಳಗೆ ಬಂದದ್ದೇ ಇಲ್ಲ.

“ಈ ಕುರ್ಚಿಯಿಂದ ನನ್ನನ್ನ ಎಬ್ಬಿಸಿದ ದಿನ ನಾನು ಸತ್ತ ಹಾಗೇ, ಗೊತ್ತಾ?” ಎಂದಿದ್ದಳು ಒಂದು ಭಾನುವಾರ, ಅವನ ಅಡುಗೆಮನೆಯಲ್ಲಿ ಬ್ರೆಡ್ಡನ್ನು ಕರಗಿದ ಚೀಸಿನಲ್ಲಿ ಅದ್ದುತ್ತಾ.

“ಅಷ್ಟೊಂದಾ? ನಾನು ಎಷ್ಟನೇ ಸ್ಥಾನ ಹಾಗಾದ್ರೆ?”

“ಎರಡನೇದು. ಅದೂ ಗಡ್ಡ ತೆಗೆದ್ರೆ.”

ಅವನು ಗಡ್ಡ ತೆಗೆದ. ಮರುದಿನ ಅವನ ಬೋಳು ಗಲ್ಲ ನೋಡಿ ಅವಳು ಕಾರ್ ಪಾರ್ಕಿನಲ್ಲಿ ಹೊಟ್ಟೆ ಹಿಡಿದು ನಕ್ಕಳು. ಮತ್ತೆ ಬೆಳೆಸು ಎಂದು ಬೇಡಿಕೊಂಡಳು.

ಜನವರಿಯಲ್ಲಿ ಅವಳ ಬಲಗೈ ಏನೋ ಹೇಳತೊಡಗಿತು. ಬೀಗದ ಕೀ ತೂತಿಗೆ ಸಿಗುತ್ತಿರಲಿಲ್ಲ. ಕಪ್ಪು ತಟ್ಟೆಯ ಮೇಲೆ ಸದ್ದು ಮಾಡುತ್ತಿತ್ತು.

“ಯಾನಿಕ್, ಇಲ್ಲಿ ನೋಡು. ನನ್ನ ಕೈ ನಡುಗ್ತಿದೆಯಾ?”

ಅವನು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡ. ಬೆರಳುಗಳಿಗೆ ಒಂದೊಂದಾಗಿ ಮುತ್ತಿಟ್ಟ.

“ಈ ಚಳಿಗಾಳಿಗೆ ಕಲ್ಲೂ ನಡುಗುತ್ತೆ ಕಣೇ. ಕಾಫಿ ಕಮ್ಮಿ ಮಾಡು.”

“ನನ್ನ ತಂತಿ?”

“ಒಂಬತ್ತು ಗ್ರಾಂ. ಯಾವಾಗ್ಲೂ ಹಾಗೇ.”

ಅವಳು ಡಾಕ್ಟರ ಹತ್ತಿರ ಗೊತ್ತು ಮಾಡಿಕೊಂಡಿದ್ದ ಭೇಟಿಯನ್ನು ರದ್ದು ಮಾಡಿದಳು. ಅಳೆಯುವುದೇ ಅವನ ಕೆಲಸ. ಅವನೇ ಹೇಳಿದ ಮೇಲೆ ಇನ್ನೇನು?

ಏಪ್ರಿಲ್‌ನಲ್ಲಿ ಮಾಡ್ಯೂಲುಗಳನ್ನು ಕೊರೆಯುವ ಚಳಿಗೆ ಒಡ್ಡುವ ಪರೀಕ್ಷೆ ಶುರುವಾಯಿತು. ಮೈನಸ್ ಮೂವತ್ತೈದು ಡಿಗ್ರಿಗೆ ಇಳಿಸುವುದು, ಮತ್ತೆ ಬಿಸಿ ಮಾಡುವುದು, ಮತ್ತೆ ಇಳಿಸುವುದು. ಹನ್ನೊಂದು ಮಾಡ್ಯೂಲುಗಳಿಂದ ಸಂಕೇತ ಬರುವುದೇ ನಿಂತಿತು. ಕಾರ್ಯಾಗಾರದ ಮುಖ್ಯಸ್ಥೆ ರೆಗುಲಾ, ನಗುವನ್ನೂ ಅಳತೆ ಮಾಡಿ ನಗುವ ಝೂರಿಕ್ ಹೆಂಗಸು, ಎಲ್ಲರನ್ನೂ ಕರೆದಳು.

“ಹನ್ನೊಂದೂ ಕೈಯಿಂದ ರಿಪೇರಿ ಆದವು. ತಂತಿಯ ಬುಡ ಕಿತ್ತು ಬಂದಿದೆ. ಯಾರಿಗಾದ್ರೂ ಏನಾದ್ರೂ ಹೊಳೀತಿದೆಯಾ?”

“ತಂತಿಯ ಸುರುಳಿಯದೇ ದೋಷ ಇರ್ಬೇಕು,” ಎಂದ ಯಾನಿಕ್. “ಸೊಲಾಂಜ್ ಅಳತೆಗಳೆಲ್ಲ ಒಂಬತ್ತರ ಮೇಲಿವೆ.”

“ಅದೇ ಸುರುಳಿ ಯಂತ್ರಕ್ಕೂ ಹಾಕಿದ್ವಲ್ಲ,” ಎಂದಳು ಸೊಲಾಂಜ್. “ಅದರದ್ದು ಒಂದೂ ಕಿತ್ತು ಬಂದಿಲ್ಲ.”

ಅವನು ಅವಳತ್ತ ನೋಡಲಿಲ್ಲ. ಯಾವಾಗಲೂ ಕಣ್ಣಲ್ಲೇ ಮಾತಾಡುತ್ತಿದ್ದವನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ನೋಡುತ್ತಿದ್ದ.

ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಅವಳು ಅವನ ಕುರ್ಚಿಯಲ್ಲಿ ಕುಳಿತಳು. ಡ್ರಾಯರಿನಿಂದ ಫೆಬ್ರವರಿಯ ಒಂದು ಪಟ್ಟಿ ತೆಗೆದಳು, ಉಳಿದಿದ್ದ ತಂತಿಗೆ ಕೊಕ್ಕೆ ಹಾಕಿ ಎಳೆದಳು. ಐದು ಪಾಯಿಂಟ್ ಒಂದು. ಪಕ್ಕದ್ದು ನಾಲ್ಕು ಪಾಯಿಂಟ್ ಏಳು. ಎಳೆದು ಅಳೆಯುವ ಯಂತ್ರವೇ ಕೆಟ್ಟಿದೆಯೇನೋ ಎಂದು ಅಕ್ಟೋಬರಿನ ಪಟ್ಟಿ ಎಳೆದಳು. ಒಂಬತ್ತು ಪಾಯಿಂಟ್ ಮೂರು. ಯಂತ್ರ ಸರಿಯಾಗಿತ್ತು.

ಕಂಪ್ಯೂಟರಿನಲ್ಲಿ ಅವನ ಅಳತೆಯ ದಾಖಲೆ ತೆರೆದಳು. ಫೆಬ್ರವರಿಯ ಆ ಪಟ್ಟಿಯ ಎದುರು ಒಂಬತ್ತು ಪಾಯಿಂಟ್ ಎರಡು. ಜನವರಿ ಹತ್ತಕ್ಕೆ ಮೊದಲು ಅಂಕಿಗಳು ಒಂಬತ್ತರಿಂದ ಹತ್ತರವರೆಗೆ ಏರಿಳಿದಿದ್ದವು, ಆ ದಿನದಿಂದ ಈಚೆಗೆ ಅವಳ ಹೆಸರಿನ ಮುಂದೆ ಎಲ್ಲವೂ ಒಂದೇ, ಒಂಬತ್ತು ಪಾಯಿಂಟ್ ಎರಡು.

ಜನವರಿ ಹತ್ತು. ಕೈ ನಡುಗುತ್ತಿದೆಯಾ ಎಂದು ಅವಳು ಕೇಳಿದ್ದು ಅದಾದ ವಾರಕ್ಕೆ. ಬೆರಳಿಗೆ ಮುತ್ತಿಟ್ಟಾಗ ಅವನಿಗೆ ಗೊತ್ತಿತ್ತು.

ಅವನು ಬಂದಾಗ ಅವಳು ಏಳಲಿಲ್ಲ. ಪರದೆಯ ಮೇಲಿನ ಐದು ಪಾಯಿಂಟ್ ಒಂದನ್ನು ಅವನು ನೋಡಿದ.

“ಸೊಲಾಂಜ್...”

“ಎಷ್ಟು ಪಟ್ಟಿ?”

“ಮೂವತ್ತೊಂದು.” ಅವನು ತೆರೆದಿದ್ದ ಡ್ರಾಯರನ್ನು ಮುಚ್ಚಿದ. “ನಿಜ ಬರೆದಿದ್ರೆ ಅವತ್ತೇ ನಿನ್ನನ್ನ ಎಬ್ಬಿಸ್ತಿದ್ರು. ಸತ್ತ ಹಾಗೇ ಅಂದಿದ್ದೆ ನೀನು. ಚಳಿ ಹೋದ್ರೆ ಸರಿಹೋಗುತ್ತೇನೋ, ಇನ್ನೊಂದು ವಾರ ನೋಡೋಣ ಅಂತ...”

“ನಡುಗ್ತಿದೆಯಾ ಅಂತ ಕೇಳಿದ್ದೆ ನಿಮ್ಮನ್ನ.”

ಆ ‘ನಿಮ್ಮನ್ನ’ ಅವನ ಮುಖಕ್ಕೆ ಹೊಡೆದಂತಾಯಿತು.

“ಪ್ರೀತಿಯಿಂದ ಮಾಡಿದ್ದು ಕಣೇ.”

“ನನ್ನ ಕೈ ಅದು, ಯಾನಿಕ್. ನನ್ನ ಮೈಯಲ್ಲಿ ಆಗ್ತಿರೋದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಮೂರು ತಿಂಗಳು ಎದುರಿಗೆ ಕೂತು ಊಟ ಮಾಡಿದ್ರಲ್ಲ, ಗಂಟಲಲ್ಲಿ ಹೇಗೆ ಇಳೀತು?”

“ನಾನೇ ಹೋಗಿ ರೆಗುಲಾಗೆ ಹೇಳ್ತೀನಿ. ತಪ್ಪು ನಂದು. ನಿನ್ನ ಹೆಸರು ಬರೋದು ಬೇಡ.”

“ನೋಡಿ, ಮತ್ತೆ ಶುರು ಮಾಡಿದ್ರಿ!” ಅವಳ ದನಿ ಒಡೆಯಿತು. “ಕಿತ್ತು ಬಂದಿದ್ದು ನನ್ನ ತಂತಿ. ಅದನ್ನ ಹೇಳೋ ಹಕ್ಕಾದ್ರೂ ನನಗೆ ಬಿಡಿ.”

ಇಬ್ಬರೂ ಒಟ್ಟಿಗೇ ಹೋದರು. ರೆಗುಲಾ ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೊನೆಗೆ ಸೊಲಾಂಜಳಿಗೆ ನೀರು ಕೊಟ್ಟಳು. ಲೋಟ ಹಲ್ಲಿಗೆ ತಾಗಿ ಸದ್ದು ಮಾಡಿತು. ಸೊಲಾಂಜ್ ಅದನ್ನು ಮುಚ್ಚಿಡಲು ಹೋಗಲಿಲ್ಲ.

ಮೂವತ್ತೊಂದು ಮಾಡ್ಯೂಲುಗಳನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ತಂತಿ ಕೂರಿಸಿ ನೋಡಿದರು, ಹತ್ತೊಂಬತ್ತು ಮಾತ್ರ ಬಳಕೆಗೆ ಉಳಿದವು. ಯಾನಿಕ್ ಕೆಲಸ ಬಿಡಬೇಕಾಯಿತು. ಡಾಕ್ಟರ್ ಹೇಳಿದ್ದು, ಇದು ವಂಶದಲ್ಲಿ ಬರುವ ನಡುಕ, ಜೀವಕ್ಕೆ ತೊಂದರೆ ಇಲ್ಲ, ಮಾತ್ರೆಗೆ ಸ್ವಲ್ಪ ಬಗ್ಗುತ್ತದೆ, ಸೂಕ್ಷ್ಮ ಕೆಲಸ ಮಾತ್ರ ಮರೆತುಬಿಡಿ. ಸೊಲಾಂಜ್ ಕುರ್ಚಿಯಿಂದ ಎದ್ದಳು. ಸಾಯಲಿಲ್ಲ. ಹೊಸದಾಗಿ ಬಂದ ಇಬ್ಬರು ಹುಡುಗಿಯರ ಹಿಂದೆ ನಿಂತು, ಮೊಣಕೈ ಎಲ್ಲಿ ಊರಬೇಕು, ಉಸಿರು ಯಾವಾಗ ಬಿಡಬೇಕು ಎಂದು ಹೇಳಿಕೊಡತೊಡಗಿದಳು. ಕೆಲವು ದಿನ ಟಾಯ್ಲೆಟ್ಟಿಗೆ ಹೋಗಿ ಅಳುತ್ತಿದ್ದಳು.

ಜೂನ್‌ನಲ್ಲಿ ಅವನಿಗೆ ಗ್ರೆನೋಬಲ್ ನಗರದಲ್ಲಿ ಎಲ್ಲೋ ಕೆಲಸ ಸಿಕ್ಕಿತು. ಹೊರಡುವ ದಿನ ಬೆಳಿಗ್ಗೆ ಬಸ್ ಸ್ಟಾಪಿಗೆ ಬರುತ್ತೀಯಾ ಎಂದು ಕೇಳಿ ಮೆಸೇಜ್ ಕಳಿಸಿದ. ಹೋಗುವುದಿಲ್ಲ ಎಂದು ತೀರ್ಮಾನಿಸಿ ಹೋದಳು.

ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು. ಅವನು ಸೊರಗಿದ್ದ.

“ಚೆನ್ನಾಗಿ ಕಾಣ್ತಿದ್ದೀಯ,” ಎಂದ.

ಅವಳು ನಕ್ಕಳು. ಆ ನಗೆಯಲ್ಲಿ ಕಹಿಗಿಂತ ಸುಸ್ತೇ ಹೆಚ್ಚಿತ್ತು.

“ಅದರಲ್ಲಿ ಎಷ್ಟು ಗ್ರಾಂ ಕಳೀಲಿ?”

ಅವನ ಕಣ್ಣು ತುಂಬಿತು. “ಒಂದೂ ಬೇಡ. ಪ್ರೀತಿಸ್ತೀನಿ ಸೊಲಾಂಜ್. ಅದನ್ನಾದ್ರೂ ನಂಬು.”

“ನಂಬ್ತೀನಿ.” ಎಷ್ಟೋ ವಾರದ ಮೇಲೆ ಅವಳ ಬಾಯಲ್ಲಿ ಆ ಹಳೆಯ ಸಲಿಗೆ ಬಂತು. “ನೀನು ಪ್ರೀತಿಸ್ಲಿಲ್ಲ ಅಂದಿದ್ರೆ ಸುಲಭ ಇತ್ತು ಕಣೋ. ಬೈದುಕೊಂಡು ಮರೀತಿದ್ದೆ. ಆದ್ರೆ ನಾಳೆ ನನಗೆ ಇನ್ನೇನಾದ್ರೂ ಆದ್ರೆ, ನೀನು ಪಕ್ಕದಲ್ಲಿ ಕೂತು ಏನೂ ಇಲ್ಲ ಅಂದ್ರೆ, ನಾನು ಯಾರನ್ನ ಹೋಗಿ ಕೇಳಲಿ?”

ಬಸ್ಸು ಬಂತು. ಅವನು ಚೀಲ ಎತ್ತಿಕೊಂಡು ಕೈ ಚಾಚಿದ. ಅವಳು ಕೊಟ್ಟಳು. ಈ ಸಲ ಅವನು ಮುತ್ತಿಡಲಿಲ್ಲ, ಮುಚ್ಚಿಕೊಳ್ಳಲಿಲ್ಲ. ಅಂಗೈಯ ಮೇಲೆ ಹಾಗೇ ಬಿಟ್ಟುಕೊಂಡು ನೋಡಿದ.

“ಜಾಸ್ತಿ ಆಗಿದೆ,” ಎಂದ.

“ಹೂಂ,” ಎಂದಳು.

ಬಸ್ಸಿನ ಬಾಗಿಲು ಮುಚ್ಚಿತು. ಅವಳು ರಸ್ತೆಯ ತಿರುವಿನವರೆಗೆ ನೋಡಿದಳು, ನಂತರ ಕಾರ್ಯಾಗಾರದ ಕಡೆಗಿನ ಏರು ಹತ್ತತೊಡಗಿದಳು. ಎಂಟೂವರೆಗೆ ಕೆಲಸ ಕಲಿಯುವ ಹುಡುಗಿಯರು ಬರುವವರಿದ್ದರು.