ನರಸಮ್ಮನ ಐಪಿ ವಿಳಾಸ

ಜವಳಗಿರಿ ಕಾಡಂಚಿನ ಗುಲಾಬಿ ತೋಟದ ಕಚೇರಿಯಲ್ಲಿ ಫೋನುಗಳನ್ನು ನೋಡಿಕೊಳ್ಳುವವನು ನಾನು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಶೆಡ್ಡುಗಳಿಗೆಲ್ಲ ನೆಟ್‌ವರ್ಕ್ ಫೋನೇ ಗತಿ. ಪ್ರತಿ ಫೋನಿಗೂ ಒಂದು ಐಪಿ ವಿಳಾಸ. ಅದೇ ವಿಳಾಸ ಇನ್ನೊಂದಕ್ಕೂ ಬಿದ್ದರೆ ಕರೆ ಹೋಗುವುದಿಲ್ಲ.

ಕೊನೆಯ ಶೆಡ್ಡಿನ ಮೇಸ್ತ್ರಿ ನರಸಮ್ಮ ದಿನಾ ಅಲ್ಲಿನ ಫೋನಿಗೆ ಕುಂಕುಮವಿಟ್ಟು ಕೈ ಮುಗಿದೇ ಅದನ್ನು ಮುಟ್ಟುತ್ತಿದ್ದರು. ಅವರು ತೀರಿಕೊಂಡಾಗ, ಇಷ್ಟದ ವಸ್ತು ಜೊತೆಗಿರಲಿ ಎಂದು ಮನೆಯವರು ಅದನ್ನು ಕೇಳಿ ಪಡೆದು ಗುಂಡಿಯಲ್ಲಿಟ್ಟರು. ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದು, ಆ ಫೋನಿನ ವಿಳಾಸವನ್ನೇ ಶೆಡ್ಡಿನ ಹೊಸ ಫೋನಿಗೆ ಕೊಟ್ಟೆ.

ಮೊನ್ನೆ ಸಂಜೆ ಒಂಟಿ ಸಲಗವೊಂದು ಬೇಲಿ ಮುರಿದು ಆ ಶೆಡ್ಡಿನ ದಾರಿ ಹಿಡಿಯಿತು. ಹೆಂಗಸರು ಕೆಲಸ ಮುಗಿಸಿ ಹೊರಬರುವ ಹೊತ್ತು. ಅವರಲ್ಲಿ ನನ್ನ ಹೆಂಡತಿ ಭಾನುವೂ ಇದ್ದಳು.

"ಆಚೆ ಬರ್ಬ್ಯಾಡಿ ಅಂತ ಹೇಳ್ಲಾ!" ಎಂದು ಕಾವಲುಗಾರ ಚಲಪತಿ ಕಿರುಚಿದ.

ಶೆಡ್ಡಿಗೆ ಫೋನು ಮಾಡಿದೆ. ಕರೆ ಹೋಗಲಿಲ್ಲ. ಶೆಡ್ಡಿನ ವಿಳಾಸದಲ್ಲಿ ಎರಡು ಫೋನುಗಳಿವೆ ಎಂದು ಕಂಪ್ಯೂಟರ್ ತೋರಿಸಿತು. ಶೆಡ್ಡಿನದು, ನನ್ನದು ಬಿಟ್ಟು ಉಳಿದ ಕೇಬಲ್‌ಗಳನ್ನೆಲ್ಲ ಕಿತ್ತೆಸೆದೆ. ಆಗಲೂ ಎರಡು. ಕಿವಿಗಿಟ್ಟ ರಿಸೀವರ್ ತಣ್ಣಗೆ ಕೊರೆಯತೊಡಗಿತು. ಹಸಿ ಮಣ್ಣಿನ ವಾಸನೆ ಬಂತು.

"ನರಸಮ್ಮಕ್ಕಾ, ಅದನ್ನ ಬಿಟ್ಬುಡು, ಕೈ ಮುಗೀತೀನಿ. ಬೇಕಾದ್ರೆ ನನ್ ಐಪಿ ತಗೋ," ಎಂದು ಅತ್ತುಬಿಟ್ಟೆ.

ಆ ಕಡೆಯಿಂದ ಭಾನು "ಹಲೋ" ಅಂದಳು. ಆಚೆ ಬರಬೇಡಿ ಎಂದೆ. ಬಾಗಿಲು ಹಾಕಿಕೊಂಡು ಎಲ್ಲರೂ ಬದುಕುಳಿದರು.

ಮರುದಿನ ನೋಡಿದೆ. ಶೆಡ್ಡಿನ ವಿಳಾಸದಲ್ಲಿ ಈಗ ಒಂದೇ ಫೋನಿದೆ. ನನ್ನ ಮೇಜಿನ ವಿಳಾಸದಲ್ಲಿ ಎರಡಿವೆ.