ಲೂಸಿಯಸ್‌ನ ಗಾಡಿ ಎಷ್ಟು ಗಂಟೆಗೆ ಮುಟ್ಟಿತು?

2025ರ ನವೆಂಬರ್ 16, ಭಾನುವಾರ, ಸಂಜೆ 5 ಗಂಟೆ 20 ನಿಮಿಷ. ಅಮ್ಮನ ಫೋನಿನ ಪರದೆಯ ಮೇಲೆ ಒಂಬತ್ತು ಮುಖಗಳಿದ್ದವು. ಎಂಟು ನಗುತ್ತಿದ್ದವು. ನಗದೆ ಇದ್ದದ್ದು ಉಳವಿಯ ನಯನ ಒಬ್ಬಳೇ.

“ನಿಮ್ಮೂರ ಎತ್ತು ಸೋಮಾರಿ ಇರ್ಬೇಕು ಬಿಡೇ!” ಎಂದಳು ಶಿಕಾರಿಪುರದ ಫಿರ್ದೋಸ್. “ರೋಮಿನ ಎತ್ತು ಹಂಗಲ್ಲ.”

“ಎತ್ತು ಎಲ್ಲಿದ್ರೂ ಎತ್ತೇ. ಲೋಡ್ ಹಾಕಿದ್ ಗಾಡಿ ಅಷ್ಟು ಸ್ಪೀಡಾಗಿ ಹೋಗಲ್ಲ. ಬುಕ್ಕಲ್ಲಿ ತಪ್ಪಿದೆ.”

ಇವರದು ‘ರೋಮ್ ಬಳಗ’. ಶಿಕಾರಿಪುರ, ಸೊರಬ ಎರಡೂ ತಾಲೂಕಿನ ಮಕ್ಕಳು ಅದರಲ್ಲಿದ್ದರು. ವಾರಕ್ಕೊಂದು ಅಧ್ಯಾಯ ಓದುವುದು, ಭಾನುವಾರ ವಿಡಿಯೋ ಕಾಲ್‌ನಲ್ಲಿ ಸೇರಿ ಅದರ ಬಗ್ಗೆ ಜಗಳವಾಡುವುದು, ಇಷ್ಟೇ ಕೆಲಸ. ಈಗ ಓದುತ್ತಿದ್ದುದು ಎರಡು ಸಾವಿರ ವರ್ಷ ಹಿಂದಿನ ರೋಮಿನಲ್ಲಿ ನಡೆಯುವ ಒಂದು ಕಾದಂಬರಿ. ಅದರಲ್ಲಿ ಲೂಸಿಯಸ್ ಎಂಬ ಹುಡುಗನಿದ್ದ. ಅವನ ಅಪ್ಪ ಸೈನಿಕ. ಬೆಳಗಾದರೆ ಯುದ್ಧಕ್ಕೆ ಹೊರಡುವವನು. ಅಷ್ಟರೊಳಗೆ ಅಪ್ಪನನ್ನು ನೋಡಬೇಕೆಂದು ಲೂಸಿಯಸ್ ಸಂಜೆ ಆರಕ್ಕೆ ಬಂದರಿನಿಂದ ಹೊರಡುತ್ತಾನೆ, ಯಜಮಾನನ ಉಪ್ಪಿನ ಚೀಲಗಳನ್ನು ಹೇರಿದ ಎತ್ತಿನ ಗಾಡಿಯಲ್ಲಿ. ರೋಮ್ ಪಟ್ಟಣ ಇಪ್ಪತ್ತೈದು ಕಿಲೋಮೀಟರ್ ದೂರ. ಪುಸ್ತಕದ ಪ್ರಕಾರ ರಾತ್ರಿ ಒಂಬತ್ತಕ್ಕೆಲ್ಲ ಗಾಡಿ ಅಲ್ಲಿತ್ತು!

“ಬಳಗದ ರೂಲ್ ಗೊತ್ತಲ್ಲ ನಯನಾ?” ಎಂದರು ಬಳಗ ನಡೆಸುವ ಹನುಮಮ್ಮ ಮಿಸ್. “ತಪ್ಪು ಅಂದವರು ಮುಂದಿನ ಭಾನುವಾರ ತೋರಿಸಬೇಕು. ಇಲ್ಲಾಂದ್ರೆ ಮಾತು ವಾಪಸ್ ತಗೋಬೇಕು.”

“ಹೋದ್ಸಲದ ಹಂಗೆ!” ಫಿರ್ದೋಸ್ ಕಣ್ಣು ಮಿಟುಕಿಸಿದಳು.

ನಯನಳ ಕಿವಿ ಬಿಸಿಯಾಯಿತು. ಹೋದ ತಿಂಗಳು ಅವಳು, ಆಗಿನ ಕಾಲದಲ್ಲಿ ಕಿಟಕಿಗೆ ಗಾಜು ಎಲ್ಲಿತ್ತು ಎಂದು ವಾದಿಸಿದ್ದಳು. ಮಿಸ್ ಆ ಕಾಲದ ಕಿಟಕಿ ಗಾಜಿನ ಫೋಟೋ ತೋರಿಸಿದ್ದರು. ಗ್ರೂಪಿನ ತುಂಬ ಹಲ್ಲು ಕಿಸಿಯುವ ಎಮೋಜಿ. ಎರಡನೇ ಸಲವೂ ಹಾಗಾದರೆ ಅವಳ ಮಾತನ್ನು ಯಾರು ಕೇಳುತ್ತಾರೆ?

“ತೋರಿಸ್ತೀನಿ ಮಿಸ್. ಅಳತೆ ಮಾಡಿ, ಬಂದ ಲೆಕ್ಕ ಎಲ್ಲಾ ತೋರಿಸ್ತೀನಿ,” ಎಂದಳು.

ಬೀದಿಯಲ್ಲಿ ಈಗಲೂ ಎತ್ತಿನ ಗಾಡಿ ಇಟ್ಟುಕೊಂಡಿದ್ದವರು ಪಕ್ಕದ ಮನೆಯ ಉಚ್ಚಂಗಪ್ಪಜ್ಜ. ಸೋಮವಾರ ಶಾಲೆ ಬಿಟ್ಟ ಕೂಡಲೇ ನಯನ ಅವರ ಕೊಟ್ಟಿಗೆಗೆ ಓಡಿದಳು.

“ಅಜ್ಜಾ, ನಿಮ್ಮೆತ್ತು ಎಷ್ಟು ಸ್ಪೀಡ್ ಹೋಗ್ತಾವೆ ಅಂತ ಟೈಮ್ ನೋಡಿ ಶಿಕಾರಿಪುರದ ಫಿರ್ದೋಸ್‌ಗೆ ಹೇಳ್ಬೇಕು. ಈ ಕಿಲೋಮೀಟರ್ ಕಲ್ಲಿಂದ ಮುಂದಿನ ಕಲ್ಲಿನ ತನಕ.”

ಅಷ್ಟು ಹೇಳಿದ್ದೇ ತಪ್ಪಾಯಿತು. ಮೊನ್ನೆಯ ಹೋರಿ ಹಬ್ಬದಲ್ಲಿ ಅಜ್ಜನ ಹೋರಿ ಜನರ ನಡುವೆ ನುಗ್ಗಿ, ಯಾರ ಕೈಗೂ ಸಿಗದೆ ಬಂದಿತ್ತು. ಕೊರಳಿಗೆ ಕಟ್ಟಿದ್ದ ಕೊಬ್ಬರಿ ಸರದಲ್ಲಿ ಒಂದನ್ನೂ ಯಾರೂ ಕಿತ್ತುಕೊಂಡಿರಲಿಲ್ಲ. ಆ ಹುರುಪು ಅವರಲ್ಲಿ ಇನ್ನೂ ಇಳಿದಿರಲಿಲ್ಲ.

“ಟೈಮಾ? ನೋಡೇ ಬಿಡಾಣ!” ಎಂದು ಬರಿಗಾಡಿ ಕಟ್ಟಿದರು. ಕಲ್ಲು ದಾಟಿದ್ದೇ ತಡ, “ಹೈ! ಹೈ!” ಎಂದು ಎತ್ತುಗಳ ಬಾಲ ತಿರುವಿದರು. ಗಾಡಿ ಎಗರಿತು. ನಯನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗಾಡಿ ಹಿಡಿದು, “ನಿಧಾನ ಅಜ್ಜಾ!” ಎಂದು ಕೂಗಿದ್ದು ಅವರಿಗೆ ಕೇಳಿಸಲೇ ಇಲ್ಲ.

ಏಳು ನಿಮಿಷ. ಅಂದರೆ ಗಂಟೆಗೆ 8.6 ಕಿಲೋಮೀಟರ್. ಲೂಸಿಯಸ್‌ಗೆ 8.3 ಸಾಕಿತ್ತು.

“ಹೆಂಗೆ ನಮ್ ಹುಡುಗ್ರು?” ಅಜ್ಜ ಮೀಸೆ ತಿರುವಿದರು.

ನಯನ ಇಳಿದು ಎತ್ತುಗಳ ಮುಂದೆ ನಿಂತಳು. ಬಾಯಲ್ಲಿ ನೊರೆ. ಪಕ್ಕೆ ತಿದಿಯ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು. ಒಂದೇ ಕಿಲೋಮೀಟರ್‌ಗೆ, ಅದೂ ಖಾಲಿ ಗಾಡಿಗೆ ಹೀಗೆ. ಹೀಗೆ ಮೂರು ತಾಸು ಓಡಿಸಬಹುದೇ?

ಬುಧವಾರ ಹಟ ಮಾಡಿ ಎರಡು ಚೀಲ ಭತ್ತ ಹಾಕಿಸಿದಳು. ಫೋನು ಕಂಡದ್ದೇ ಅಜ್ಜ ಮತ್ತೆ ಬಾಲ ತಿರುವಿದರು. ಎಂಟು ನಿಮಿಷ. “ನಮ್ಮೆತ್ತು ನಿಧಾನ ಅಂತ ಶಿಕಾರಿಪುರದೋರ ಮುಂದೆ ಹೇಳಿಸ್ಕೊಳ್ಳೋಕೆ ಆಗ್ತದಾ? ಮರ್ವಾದೆ ಪ್ರಶ್ನೆ ಮಾರಾಯ್ತಿ!”

ಬೈದರೆ ಪ್ರಯೋಜನವಿಲ್ಲ. ಬಿಡುವುದಂತೂ ಇಲ್ಲ. ನಯನ ಎರಡು ದಿನ ಯೋಚಿಸಿದಳು.

ಶನಿವಾರ ಅಜ್ಜ ಗಾಡಿ ತುಂಬ ಭತ್ತದ ಚೀಲ ಹೇರಿಕೊಂಡು ಮಿಲ್ಲಿಗೆ ಹೊರಟಿದ್ದರು. ನಯನ ಹತ್ತಿ ಪಕ್ಕದಲ್ಲಿ ಕೂತಳು. ಟೈಮಿನ ಸುದ್ದಿ ಎತ್ತಲಿಲ್ಲ.

“ಅಜ್ಜಾ, ಕತೆ ಹೇಳ್ಲಾ? ಲೂಸಿಯಸ್ ಅಂತ ಒಬ್ಬ ಹುಡುಗ. ಅವನ ಹತ್ರನೂ ಎರಡು ಎತ್ತು.”

“ಯಾವೂರು?”

“ರೋಮು. ಅಲ್ಲಿ ಹಗಲು ಹೊತ್ತು ಪಟ್ಟಣದೊಳಗೆ ಗಾಡಿ ಬಿಡ್ತಿರಲಿಲ್ಲ. ಸಾಮಾನಿನ ಗಾಡಿ ಎಲ್ಲಾ ರಾತ್ರಿನೇ.”

“ಅಯ್ಯೋ ಪಾಪ! ಹಂಗಾರೆ ಹುಡುಗ ನಿದ್ದೆ ಯಾವಾಗ ಮಾಡ್ತಿದ್ದ?”

ಕತೆ ಮುಂದೆ ಹೋಯಿತು. ಕಲ್ಲು ಬಂತು. ನಯನ ಮಡಿಲಿನಲ್ಲಿದ್ದ ಫೋನನ್ನು ಮೆಲ್ಲಗೆ ಒತ್ತಿದಳು. ಅಜ್ಜ ಬಾಯಿ ತೆರೆದು ಕೇಳುತ್ತಿದ್ದರು. ಹಗ್ಗ ಸಡಿಲವಾಗಿತ್ತು. ಎತ್ತುಗಳು ತಮ್ಮ ಪಾಡಿಗೆ ತಲೆ ಆಡಿಸುತ್ತ ನಡೆದವು. ಮುಂದಿನ ಕಲ್ಲು ಬರುವಾಗ ಕತೆಯೊಳಗಿನ ಲೂಸಿಯಸ್ ಎತ್ತುಗಳಿಗೆ ನೀರು ಕುಡಿಸಿ, ನೊಗದ ಕೆಳಗೆ ಕೈಹಾಕಿ ಕೊರಳು ತಿಕ್ಕುತ್ತಿದ್ದ.

ಹದಿನೆಂಟು ನಿಮಿಷ.

ನಯನ ನಿಜ ಹೇಳಿಬಿಟ್ಟಳು. ಅಜ್ಜ ಅವಳನ್ನೇ ದಿಟ್ಟಿಸಿದರು.

“ಎಲಾ ಕಳ್ಳಿ! ಊರಿಗೆಲ್ಲ ಸಾರ್ತೀಯೇನೇ?”

“ಸಾರಲೇಬೇಕು ಅಜ್ಜಾ. ಮಿಸ್‌ಗೆ ಹೇಳಿದೀನಿ.”

“ಹಂಗಾರೆ ಗಾಡಿ ತುಂಬ ಭತ್ತ ಇತ್ತು ಅಂತಾನೂ ಹೇಳು. ಬಿಟ್ಟೀಯ ಮತ್ತೆ!”

ಭಾನುವಾರ ನಯನ ಮೂರೂ ಅಳತೆಗಳನ್ನು ಓದಿದಳು.

“ಮೊದಲ್ನೇದು ನಂದು! ಲೂಸಿಯಸ್‌ಗೂ ಅರ್ಜೆಂಟ್ ಇತ್ತು, ಓಡಿಸಿರ್ತಾನೆ,” ಫಿರ್ದೋಸ್ ಕುಣಿದಳು.

“ಅದು ಖಾಲಿ ಗಾಡಿ. ಒಂದೇ ಕಿಲೋಮೀಟರ್‌ಗೆ ಬಾಯಲ್ಲಿ ನೊರೆ ಬಂತು, ನಾನೇ ನೋಡಿದೀನಿ. ಎತ್ತಿನ ಕೊರಳು ತಿಕ್ಕೋ ಹುಡುಗ ಹಂಗೆ ಇಪ್ಪತ್ತೈದು ಕಿಲೋಮೀಟರ್ ಓಡಿಸ್ತಾನಾ?”

ಫಿರ್ದೋಸ್ ಕೇಳಿದಳು, “ಅಜ್ಜಂದು ಟೈರ್ ಗಾಡಿನಾ, ಮರದ ಚಕ್ರನಾ?”

“ಟೈರು.”

“ಹಂಗಾದ್ರೆ ಲೂಸಿಯಸ್‌ದು ಇನ್ನೂ ನಿಧಾನ!” ಅವಳು ಪಟಪಟ ಲೆಕ್ಕ ಹಾಕಿದಳು. “ಟೈರ್ ಲೆಕ್ಕದಲ್ಲೇ ಏಳೂವರೆ ತಾಸು. ರಾತ್ರಿ ಒಂದೂವರೆಗೆ ಮುಟ್ಟಿದ. ಅಪ್ಪ ಸಿಗ್ತಾನೆ, ಬೆಳಗಾಗಿರಲ್ಲ!” ಮರುಕ್ಷಣ ಅವಳ ದನಿ ಇಳಿಯಿತು. “ಆದ್ರೆ ಅಷ್ಟೊತ್ತು... ಒಬ್ಬನೇ, ಕತ್ತಲಲ್ಲಿ?”

ನಯನ ಅದನ್ನು ಯೋಚಿಸಿಯೇ ಇರಲಿಲ್ಲ. ವಾರವಿಡೀ ಪುಸ್ತಕದ ತಪ್ಪು ಹಿಡಿಯುವುದರಲ್ಲೇ ಇದ್ದಳು. ಈಗ ಕಣ್ಣಮುಂದೆ ಆ ದಾರಿ ಬಂತು. ಅಪ್ಪ ಹೊರಟುಬಿಟ್ಟರೆ ಎಂಬ ಹೆದರಿಕೆ ಎದೆಯಲ್ಲಿ. ಆದರೂ ಬಾಲ ತಿರುವದೆ, ಎತ್ತುಗಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆಯುವ ಹುಡುಗ. ಪುಸ್ತಕದಲ್ಲಿ ಓದಿದ ಲೂಸಿಯಸ್‌ಗಿಂತ ಇವನು ಹತ್ತಿರದವನೆನಿಸಿದ.

“ಹೂಂ,” ಎಂದಳು. “ಒಬ್ಬನೇ.”

ಕಾಲ್ ಮುಗಿದ ಮೇಲೆ ಅವಳು ಗ್ರೂಪಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಳು: ಗಾಡಿ ತುಂಬ ಭತ್ತ, ಎತ್ತುಗಳ ಸ್ವಂತ ನಡಿಗೆ, ಗಂಟೆಗೆ 3.3 ಕಿಲೋಮೀಟರ್.