ಕೊನೆಯ ಲೈವ್‌ಗೆ ಬಂದ ಬೊಂಬೆ

"ರೀ, ಅದರ ಬಾಯಿ ಹೊಲಿದಿದ್ದಾರೆ. ಬಿಚ್ಚಬೇಡಿ," ಎಂದಳು ಹೆಂಡತಿ.

ಗುಡುಗಣ್ಣ ನಕ್ಕುಬಿಟ್ಟ. ಗುಡುಗಣ್ಣ ಅನ್ನುವುದು ವೀಕ್ಷಕರು ಇಟ್ಟ ಹೆಸರು. ಕ್ಯಾಮೆರಾದ ಮುಂದೆ ಕೂತು ವಿಡಿಯೋ ಗೇಮ್ ಆಡುತ್ತ, ದೆವ್ವ ಕಂಡರೆ ಕಿರುಚಿ, ಗೆದ್ದರೆ ಅರಚಿ, ಸೋತರೆ ಗೋಳಾಡಿ ಹೊಟ್ಟೆ ಹೊರೆಯುವುದು ಅವನ ಕಸುಬು. ಅಂಥವನಿಗೆ ಅಂಗೈಯಗಲದ ಬಟ್ಟೆ ಬೊಂಬೆ ಯಾವ ಲೆಕ್ಕ? ಆದರೆ ಆ ನಗುವಿನಲ್ಲೂ ಸುಸ್ತಿತ್ತು. ವರ್ಷಗಟ್ಟಲೆ ಕಿರುಚಿ ಗಂಟಲು ಹರಿದ ಚೀಲದಂತಾಗಿತ್ತು. ಜಗತ್ತಿಗೆಲ್ಲ ಮಾತು ಹಂಚಿ ಎದ್ದಾಗ ಪುಟ್ಟ ಮಗಳಿಗೊಂದು ಕತೆ ಹೇಳುವಷ್ಟು ದನಿಯೂ ಉಳಿದಿರುತ್ತಿರಲಿಲ್ಲ. ಪುಟ್ಟಿ ಕಾದು ಕಾದು ಮಲಗಿಬಿಡುತ್ತಿದ್ದಳು. ಸಾಕಪ್ಪಾ ಸಾಕು ಅನ್ನಿಸಿತ್ತು ಅವನಿಗೆ. ಇದೇ ಕೊನೆಯ ಲೈವ್, ಇನ್ನು ಮಗಳ ಜೊತೆಗಷ್ಟೇ ಮಾತು ಎಂದು ಮನೆಯಲ್ಲೂ ಹೇಳಿದ್ದ, ವೀಕ್ಷಕರಿಗೂ ಸಾರಿದ್ದ.

ವಿದಾಯಕ್ಕೆ ಬಂದ ಉಡುಗೊರೆಗಳ ರಾಶಿಯಲ್ಲಿ ಈ ಬೊಂಬೆಯಿತ್ತು. ನೀಲಿ ಗೆರೆಯ ಬಟ್ಟೆ, ತಲೆಗೆ ನಿಜವಾದ ಕೂದಲು, ತುಟಿಗೆ ಕಪ್ಪು ದಾರದ ಒತ್ತು ಹೊಲಿಗೆ. ಬಟ್ಟೆಯ ಗುರುತು ಇಬ್ಬರಿಗೂ ಹತ್ತಿತ್ತು. ಅದು ತೀರಿಕೊಂಡ ಗೆಳೆಯನ ಅಂಗಿ.

ಆ ಗೆಳೆಯನೂ ಇವನೂ ಒಂದೇ ಮೈಕಿನ ಮುಂದೆ ಕೂತು ಈ ಚಾನೆಲ್ ಶುರುಮಾಡಿದವರು. ಜನ ಮರುಳಾದ ಆ ನಗು, ಬಿಕ್ಕಳಿಕೆಯಂತೆ ಹೊರಟು ಕೋಣೆಯೆಲ್ಲ ತುಂಬುವ ನಗು, ಗೆಳೆಯನದು. ಅವನು ಕಾಯಿಲೆ ಬಿದ್ದು ಹೋದ ಮೇಲೆ ಗುಡುಗಣ್ಣ ಅದನ್ನು ಕಲಿತು ತನ್ನದಾಗಿಸಿಕೊಂಡ. ಯಾರದೆಂದು ಒಮ್ಮೆಯೂ ಹೇಳಲಿಲ್ಲ.

"ಅವರಮ್ಮ ಕಳಿಸಿರೋದು. ಹಾಗೇ ವಾಪಸ್ ಕೊಟ್ಟು ಬನ್ನಿ," ಎಂದಳು ಹೆಂಡತಿ.

"ಅವರು ದರ್ಜಿ ಕಣೇ. ಕೈ ಸುಮ್ನಿರಲ್ಲ, ಏನೋ ಹೊಲ್ದಿದಾರೆ."

ಬಾಗಿಲು ಹಾಕಿಕೊಂಡು ಲೈವ್ ಶುರುಮಾಡಿದ. ಬೊಂಬೆಯನ್ನು ಕ್ಯಾಮೆರಾಕ್ಕೆ ಹಿಡಿದು ಗೇಲಿ ಮಾಡಿದ. ಬಿಚ್ಚು, ಬಿಚ್ಚು ಎಂದು ಪರದೆಯ ತುಂಬ ವೀಕ್ಷಕರ ಒತ್ತಾಯ. ಕತ್ತರಿ ಆಡಿಸಿದ. ದಾರವನ್ನೆಳೆದರೆ ಬರುತ್ತಲೇ ಇತ್ತು, ಒದ್ದೆಯಾಗಿ, ಬೆಚ್ಚಗೆ. ಕೂದಲು ಸುಟ್ಟ ವಾಸನೆ ಮೂಗಿಗೆ ಅಡರಿತು. ಅದನ್ನೂ ತಮಾಷೆ ಮಾಡಿ, ಎಲ್ಲರೂ ಕಾಯುತ್ತಿದ್ದ ಆ ನಗುವನ್ನು ಕೊನೆಯ ಬಾರಿಗೆ ನಕ್ಕ.

ಅವನು ನಿಲ್ಲಿಸಿದ. ನಗು ನಿಲ್ಲಲಿಲ್ಲ.

ಹೆಡ್‌ಫೋನ್ ಕಿತ್ತೆಸೆದ. ಕೋಣೆಯಲ್ಲೇ ಇತ್ತು ನಗು. ಕೆನ್ನೆಗೆ ಉಸಿರು ತಾಗಿತು. ದೀಪ ಮಂಕಾಯಿತು. ಮೇಜಿನ ಮೇಲೆ ಬೊಂಬೆಯ ಬಾಯಿ ಅಗಲವಾಗುತ್ತಿತ್ತು. ಇನ್ನೂ ಅಗಲವಾಗುತ್ತಿತ್ತು. ಕೈ ಚಾಚಿ ಲೈವ್ ಆರಿಸಿದ.

ನಗು ಅಡಗಿತು. ಹೆಂಡತಿಯನ್ನು ಕೂಗಿದ. ತುಟಿ ಆಡಿತು, ದನಿ ಹೊರಡಲಿಲ್ಲ.

ಗಂಟಲು ಚೆನ್ನಾಗಿಯೇ ಇದೆ, ವಿಶ್ರಾಂತಿ ತಗೊಳ್ಳಿ ಎಂದರು ಡಾಕ್ಟರು. ವಿಶ್ರಾಂತಿ ತಗೊಂಡು ತಗೊಂಡು ಸಾಕಾದ ಮೇಲೆ ಗುಡುಗಣ್ಣ ಬೊಂಬೆಯನ್ನು ಎತ್ತಿಕೊಂಡು ಗೆಳೆಯನ ತಾಯಿಯ ಹೊಲಿಗೆ ಅಂಗಡಿಗೆ ಹೋದ. ಯಂತ್ರದ ಎಣ್ಣೆಯ ಕಮಟಿನ ನಡುವೆ ಅದೇ ಸುಟ್ಟ ಕೂದಲಿನ ವಾಸನೆ. ಬಟ್ಟೆ ತುಂಡುಗಳ ಮೇಲಿಟ್ಟ ಮೊಬೈಲಿನಲ್ಲಿ ಅವನದೇ ಹಳೆಯ ವಿಡಿಯೋ ನಗುತ್ತಿತ್ತು. ಬೊಂಬೆಯನ್ನು ಅವಳ ಮುಂದಿಟ್ಟು, ಮತ್ತೆ ಹೊಲಿಯಿರಿ ಎಂಬಂತೆ ಕೈ ಮುಗಿದ.

"ನಿನ್ಮೇಲೆ ಸಿಟ್ಟಿಲ್ಲಪ್ಪ," ಎಂದಳು ಮುದುಕಿ, ಯಂತ್ರ ತುಳಿಯುವುದನ್ನು ನಿಲ್ಲಿಸದೆ. "ನನ್ನ ಮಗನ ನಗು ನಿನ್ನ ಬಾಯಲ್ಲಿ ಬಿಟ್ರೆ ಇನ್ನೆಲ್ಲೂ ಉಳಿದಿಲ್ಲ. ನೀನು ನೋಡಿದ್ರೆ ನಿಲ್ಲಿಸ್ತೀನಿ ಅಂದೆ. ಹಳೇ ವಿಡಿಯೋದಲ್ಲಿ ಉಸಿರಿರಲ್ಲ. ನಾನೇನು ಕೇಳ್ಕೊಂಡು ಬದುಕ್ಲಿ?"

ಅವನು ಅತ್ತ. ಸದ್ದೇ ಇಲ್ಲದ ಅಳು.

"ದನಿ ಎಲ್ಲೂ ಹೋಗಿಲ್ಲ. ಲೈವ್‌ನಲ್ಲಿ ಕೂತ್ಕೋ, ಬರುತ್ತೆ. ಬೇರೆಲ್ಲೂ ಬರಲ್ಲ. ಆ ಹೊಲಿಗೆ ಕತ್ತರಿಸಿದ್ದು ನೀನೇ ಕಣಪ್ಪ, ಇನ್ನು ನನ್ನ ಕೈಲೂ ಆಗಲ್ಲ."

ಅಂದೇ ಸಂಜೆ ಮತ್ತೆ ಅದೇ ಕುರ್ಚಿಯಲ್ಲಿ ಕೂತ. ಲೈವ್ ಹಾಕಿ ಬಾಯಿ ತೆರೆದರೆ ದನಿ ಗುಡುಗಿನಂತೆ ಬಂತು. ಪಕ್ಕದ ಕೋಣೆಯಲ್ಲಿ ಹೆಂಡತಿ ತನ್ನ ಮೊಬೈಲನ್ನು ಮಗಳ ಕೈಗಿಟ್ಟಳು. ಗುಡುಗಣ್ಣ ಕತೆ ಹೇಳಿದ, ದಾರಿ ತಪ್ಪಿದ ಆಮೆಮರಿಯೊಂದರ ಕತೆ. ಇದೇನು ಹೊಸ ನಾಟಕ ಎಂದು ವೀಕ್ಷಕರು ಕಾಲೆಳೆದರು. ಕತೆಯ ನಡುವೆ, ಕರೆಯದೆಯೇ, ಆ ನಗು ಬಂತು. ಎಲ್ಲೋ ಒಂದು ಹೊಲಿಗೆ ಯಂತ್ರ ಈಗ ನಿಂತಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೋಡೆಯಾಚೆ ಪುಟ್ಟಿ ಕಿಲಕಿಲ ನಕ್ಕದ್ದು ಕೇಳಿಸಿತು. ಎಷ್ಟು ಕಾಲವಾಗಿತ್ತು ಮಗಳ ನಗು ಕೇಳಿ.

ತಡೆಯಲಾರದೆ ಲೈವ್ ಆರಿಸಿ ಓಡಿದ. ಮಗಳು ಬಾಗಿಲಿಗೆ ಬೆನ್ನು ಮಾಡಿ, ಮೊಬೈಲನ್ನು ಮುಖದೆದುರು ಹಿಡಿದು ಅಡ್ಡಾಗಿದ್ದಳು. ಬಾಗಿಲಲ್ಲಿ ನಿಂತು ಪುಟ್ಟಿ ಎಂದು ಕರೆದ, ಮತ್ತೆ ಕರೆದ, ತುಟಿಯಷ್ಟೇ ಆಡಿತು. ಅವಳು ತಿರುಗಲಿಲ್ಲ. ಕಪ್ಪಾದ ಪರದೆಯನ್ನೇ ನೋಡುತ್ತ ತಾಯಿಗೆ ಹೇಳಿದಳು.

"ಅಮ್ಮಾ, ಅಪ್ಪ ಹೋಗ್ಬಿಟ್ರು."